ಹಿಂದಿನ ಸೀಟಿನ ನರ್ಸಬಾಯಿ

ಬಿಸಿ ಸೈಲೆನ್ಸರ್ ಮೇಲೆ ಇಂಜಿನ್ ಆಯಿಲ್ ತೊಟ್ಟಿಕ್ಕಿದರೆ ಒಂದು ಕಮಟು ವಾಸನೆ ಏಳುತ್ತದೆ. ಹೊಸ ಗಾಡಿಗಳಲ್ಲಿ ಅದು ಸಿಗುವುದಿಲ್ಲ. ಮೊನ್ನೆ ಕಲಬುರಗಿಯ ನನ್ನ ಹಳೇ ಗಾಡಿಗಳ ಅಂಗಡಿಗೆ ಮೊದಲು ಆ ವಾಸನೆ ಬಂತು, ಗಾಡಿ ಆಮೇಲೆ. ಹಸಿರು ಟ್ಯಾಂಕಿನ ಬ್ರಿಟಿಷ್ ಮೋಟಾರ್ ಸೈಕಲ್. ವರ್ಷಗಳ ಹಿಂದೆ ನಾನೇ ಮಾರಿಸಿಕೊಟ್ಟದ್ದು. ಆಗ ಅದನ್ನು ಕೊಂಡಿದ್ದ ಮಹಾಗಾಂವದ ಡ್ರಿಲ್ ಮಾಸ್ತರರು ಸೊಂಟನೋವಿನಿಂದ ಕಿಕ್ ಹೊಡೆಯುವುದು ಕಷ್ಟವಾಗಿ ಮತ್ತೆ ಮಾರಲು ತಂದಿದ್ದರು. ಅವರಿಗೆ ಚಹಾ ಹೇಳುವಷ್ಟರಲ್ಲಿ ನನಗೆ ನೆನಪಾದವರೇ ಬೇರೆ… ಜೇವರ್ಗಿ ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಬಾಯಿ.

ಅವರು ಕಮಲಾಪುರದ ದವಾಖಾನೆಯಲ್ಲಿ ನರ್ಸ್ ಆಗಿದ್ದರು. ಸುತ್ತಲ ಹಳ್ಳಿಗಳಿಂದ ಹೆರಿಗೆಗೆ ಕರೆ ಬಂದರೆ ಗಂಡ ಇದೇ ಗಾಡಿಯಲ್ಲಿ ಕರೆದೊಯ್ಯುತ್ತಿದ್ದ. ಅವನು ಹ್ಯಾಂಡಲ್ ಹಿಡಿದವನು, ಇವರು ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು ಹಿಂದೆ ಕೂತವರು. ಗಂಡ ತೀರಿದ ಮೇಲೆ ಗಾಡಿ ಗೋಣಿಚೀಲದ ಕೆಳಗೆ ಬಹಳ ಕಾಲ ಬಿದ್ದಿತ್ತು. ನಿವೃತ್ತಿಯಾದ ಮೇಲೆ ಅವರೇ ಅದನ್ನು ಹೊರಗೆ ತೆಗೆಸಿ ಮೆಕ್ಯಾನಿಕ್‌ನನ್ನು ಕರೆಸಿದರು.

“ಗಾಯಕ್ಕ ಹೊಲಿಗಿ ಹಾಕಪಾ, ಮುಖ ಬದಲ ಮಾಡಬ್ಯಾಡ,” ಎಂದು ಅವನಿಗೆ ತಾಕೀತು. ಇಂಜಿನ್ ಬಿಚ್ಚಿ ಕೂಡಿಸಿದರು, ವೈರಿಂಗ್, ಟೈರು ಹೊಸದಾದವು. ಆದರೆ ಟ್ಯಾಂಕಿಗೆ ಬ್ರಶ್ ತಾಗಲಿಲ್ಲ. ಗಂಡನ ಮೊಣಕಾಲು ತಿಕ್ಕಿ ಬಣ್ಣ ಹೋದ ಜಾಗ ಹಾಗೇ ಉಳಿಯಿತು. ಬಣ್ಣ ಹೊಡೆಸಿದರೆ ಬೇಗ ಮಾರಾಟವಾಗುತ್ತದೆ ಎಂದು ನಾನು ಹೇಳಿದ್ದೆ. ಅಂದಿನ ಮಾರುಕಟ್ಟೆಗೆ ಅದು ಸರಿಯಾದ ಸಲಹೆಯೇ. ಇಂದು ಯಾರಾದರೂ ಕೇಳಿದರೆ ಮೂಲ ಬಣ್ಣ ಮುಟ್ಟಬೇಡಿ ಎನ್ನುತ್ತೇನೆ. ಗಾಳಿ ನೋಡಿ ತೂರುವವನೇ ವ್ಯಾಪಾರಿ.

ಇಷ್ಟೆಲ್ಲ ಮಾಡಿಸಿ ಮಾರುವುದೇಕೆ ಎಂದು ಕೇಳಿದ್ದಕ್ಕೆ, “ನಿಂತ ಗಾಡಿ, ಮಲಗಿದ ರೋಗಿ ಎರಡೂ ಒಂದ. ಎಬ್ಬಿಸಿ ನಡಸಬೇಕು. ನಮ್ಮ ಮನ್ಯಾಗ ನಡಸಾವ್ರು ಯಾರಿದ್ದಾರ?” ಎಂದರು. ಅವರಿಗಿದ್ದ ಚಿಂತೆ ಅದೊಂದೇ. ಗಾಡಿ ಓಡಿಸುವವನ ಕೈ ಸೇರಬೇಕು, ಬರೀ ನೋಡಲು ಇಟ್ಟುಕೊಳ್ಳುವವನದಲ್ಲ.

ನಾನು ಕೈಗಾಡಿಯ ಮೇಲೆ ಹಳೇ ಸೈಕಲ್ ಸಾಮಾನು ಮಾರುತ್ತ ಈ ಧಂದೆಗೆ ಬಂದವನು. ನಿಮಗೂ ಪುಕ್ಕಟೆಯಾಗಿ ಒಂದು ಮಾತು ಹೇಳಿಬಿಡುತ್ತೇನೆ. ಹಳೇ ಗಾಡಿ ಕೊಳ್ಳಲು ಹೋದರೆ ಮೊದಲು ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ನೀವು ಬರುವ ಮೊದಲೇ ಮಾರುವವನು ಒಮ್ಮೆ ಸ್ಟಾರ್ಟ್ ಮಾಡಿಟ್ಟಿದ್ದಾನೆ. ತಣ್ಣಗಿದ್ದಾಗ ಅದು ಸುಲಭಕ್ಕೆ ಏಳುವುದಿಲ್ಲ ಎಂದೇ ತಿಳಿಯಿರಿ. ನರ್ಸಬಾಯಿಗೆ ಇಂಥ ಯಾವ ವಿದ್ಯೆಯೂ ಬೇಕಿರಲಿಲ್ಲ. ಗಿರಾಕಿ ಬಂದು ನಿಂತರೆ ಐಬುಗಳನ್ನೇ ಮೊದಲು ಹೇಳುತ್ತಿದ್ದರು. “ಗೇರ್ ಬಲಗಾಲಿಗದ, ಬ್ರೇಕ್ ಎಡಗಾಲಿಗದ, ಈಗಿನ ಗಾಡಿ ಹಾಂಗಲ್ಲ. ಆಯಿಲ್ ಸೋರತದ. ಕಾಯ್ತಂದ್ರ ಸಿಟ್ಟಾಗತದ.” ಸುಮ್ಮನಿರಿ ಎಂದು ನಾನು ಸನ್ನೆ ಮಾಡಿದರೆ ಗಿರಾಕಿಯ ಮುಂದೆಯೇ ಬೈದರು. “ಏನ್ ಕಣ್ಣ ಹೊಡೀತೀಯೋ ದಲಾಲ? ಹಡದಾಕಿ ಮುಂದ ಕೂಸಿನ ಐಬ ಮುಚ್ಚಿಡ್ತಾರೇನು?”

ಇದರ ಮೇಲೆ ಒಂದು ಷರತ್ತು ಬೇರೆ. ಕೊಳ್ಳುವವನು ಅವರನ್ನು ಹಿಂದೆ ಕೂರಿಸಿಕೊಂಡು ಕಮಲಾಪುರಕ್ಕೆ ಹೋಗಿ ಬರಬೇಕು. ದರದ ಮಾತು ಆಮೇಲೆ.

“ಅವ್ವಾ, ಈ ವಯಸ್ಸಿನಾಗ ಬಿದ್ರ?” ಎಂದೆ.

“ಬಿದ್ರ ಗಾಡಿ ಅವನಿಗಿಲ್ಲ. ಅಷ್ಟ.”

ಮೊದಲು ಬಂದವನು ಒಬ್ಬ ಹೋಟೆಲ್ ಮಾಲೀಕ. ನಾವು ಹೇಳಿದ್ದಕ್ಕಿಂತ ಹೆಚ್ಚು ಕೊಡಲು ತಯಾರಿದ್ದ. ಆದರೆ ಬಾಗಿಲ ಬಳಿ ದೀಪ ಹಾಕಿ ನಿಲ್ಲಿಸುತ್ತೇನೆ, ಓಡಿಸುವುದೇಕೆ ಎಂದ. ನರ್ಸಬಾಯಿ ಅವನಿಗೆ ಚಹಾ ಕೊಟ್ಟು ಕಳಿಸಿದರು. ಎರಡನೆಯವನು ಗುತ್ತಿಗೆದಾರ. ಕೈಗವಸು, ಕಪ್ಪು ಕನ್ನಡಕ, ಎಲ್ಲ ಸರಂಜಾಮೂ ಇತ್ತು. ನಾನು ಸ್ಕೂಟರಿನಲ್ಲಿ ಅವರ ಹಿಂದೆ ಹೋದೆ. ರಸ್ತೆಯುದ್ದಕ್ಕೂ ಹಾರಿಸಿಕೊಂಡು ಹೋದ. ಕಮಲಾಪುರದ ಸಂತೆಯಲ್ಲಿ ಅಡ್ಡ ಬಂದ ಎಮ್ಮೆ ಕಂಡು ಬ್ರೇಕೆಂದು ಬಲಗಾಲು ಒತ್ತಿದ. ಅದು ಗೇರ್. ಗಾಡಿ ನಿಲ್ಲದೆ ಕೆಂಬಾಳೆಯ ಬುಟ್ಟಿಗಳೊಳಗೆ ನುಗ್ಗಿತು.

“ಯಣ್ಣಾ, ಹಣ್ಣ ಬೇಕಂದ್ರ ಬಾಯಿಲೆ ಕೇಳಬೇಕು!” ಎಂದು ಹಣ್ಣು ಮಾರುವಾಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಸಂತೆಯೆಲ್ಲ ನಕ್ಕಿತು. ನರ್ಸಬಾಯಿಗೆ ಏನೂ ಆಗಿರಲಿಲ್ಲ. ಸೀರೆ ಝಾಡಿಸಿ ಇಳಿದು, ಜಜ್ಜಿದ ಹಣ್ಣಿನ ರೊಕ್ಕ ಅವನಿಂದ ಕೊಡಿಸಿ, ನನ್ನ ಸ್ಕೂಟರ್ ಹತ್ತಿದರು.

ಮೂರನೆಯವರು ಈ ಡ್ರಿಲ್ ಮಾಸ್ತರರು. ಬಾಯಿ ಬಹಳ ಬಿಗಿ, ಚೌಕಾಸಿ ಅದಕ್ಕಿಂತ ಬಿಗಿ. ನಿಧಾನವಾಗಿ ಹೋದರು, ನಿಧಾನವಾಗಿ ಬಂದರು. ಅವರು ಅಂಗಳದಲ್ಲಿ ಗಾಡಿ ನಿಲ್ಲಿಸುತ್ತಿದ್ದಂತೆ ನರ್ಸಬಾಯಿ ನನ್ನನ್ನು ಮೂಲೆಗೆ ಕರೆದರು.

“ಇವಗ ಕೊಡೋಣ. ಹಂಪ್ ಬಂದಾಗೊಮ್ಮೆ ‘ಗಟ್ಟಿ ಹಿಡ್ಕೋರಿ’ ಅಂದ.”

“ನಿಮ್ಮ ಯಜಮಾನ್ರ ನೆನಪಾತೇನ್ರಿ?”

“ಥೂ! ಅವ್ರು ಒಂದ ದಿನಾನೂ ಅನ್ನಲಿಲ್ಲ. ನನ್ನ ಬೆನ್ನ ಕೇಳು, ಹೇಳತದ.”

ಮನುಷ್ಯ ಒಪ್ಪಿಗೆಯಾದ, ಇನ್ನು ದರ ಇಳಿಸುತ್ತಾರೆ ಎಂದುಕೊಂಡೆ. ಮಾಸ್ತರರೂ ಹಾಗೇ ಎಣಿಸಿ ಮೆಲ್ಲಗೆ ಜಗ್ಗಿ ನೋಡಿದರು. ನರ್ಸಬಾಯಿ ಜಗ್ಗಲಿಲ್ಲ. “ಮಂದಿ ಛಲೋ ಇದ್ರ ಗಾಡಿ ಸಸ್ತಾ ಆಗ್ತದೇನ್ರಿ ಮಾಸ್ತರ?” ಎಂದು ಹೇಳಿದ ದರಕ್ಕೇ ಕೊಟ್ಟರು. ಧಂದೆಯಲ್ಲಿ ನಾನು ಯಾರಿಗೂ ಕೈ ಮುಗಿದವನಲ್ಲ, ಆ ದಿನ ಮನಸ್ಸಿನಲ್ಲೇ ಮುಗಿದೆ. ಗಾಡಿ ತಿರುವು ದಾಟಿದ ಮೇಲೂ ಸದ್ದು ಸ್ವಲ್ಪ ಹೊತ್ತು ಕೇಳುತ್ತಿತ್ತು. ಅದು ಅಡಗುವ ತನಕ ಅವರು ಗೇಟು ಹಾಕಲಿಲ್ಲ…

ಅವರು ತೀರಿಕೊಂಡಾಗ ನಾನು ಗಾಡಿ ತರಲು ಸೋಲಾಪುರಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಮಾಸ್ತರರು ಚಹಾ ಕುಡಿದು ಏಳುವಾಗ ದರದ ಮಾತೇ ಎತ್ತಲಿಲ್ಲ. “ಅವ್ರು ನನ್ನ ಹ್ಯಾಂಗ ನೋಡಿ ಕೊಟ್ರೋ, ನೀವೂ ಹಾಂಗ ನೋಡಿ ಕೊಡ್ರಿ,” ಎಂದಷ್ಟೇ ಹೇಳಿ ಕೀಲಿ ಮೇಜಿನ ಮೇಲಿಟ್ಟರು.

ನಾಳೆ ಬೆಳಗ್ಗೆ ಒಬ್ಬ ಗಿರಾಕಿ ಬರುತ್ತಾನೆ. ಷರತ್ತು ಫೋನಿನಲ್ಲೇ ತಿಳಿಸಿದ್ದೇನೆ. ನಕ್ಕ, ಆದರೆ ಒಪ್ಪಿದ. ಹಿಂದೆ ನಾನು ಕೂರುತ್ತೇನೆ. ಇದಕ್ಕೆ ಏನು ಬೆಲೆ ಬರುತ್ತದೆ ಎಂಬುದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಅದರ ಆಯುಷ್ಯ ಹೇಳಬಲ್ಲೆ. ಮುಂದೆ ಕೂತವನು ಎಂಥವನು ಎಂಬುದು ಮಾತ್ರ ನನ್ನ ಬೆನ್ನಿಗೆ ತಿಳಿಯುತ್ತದೋ ಇಲ್ಲವೋ… ಕೇಳೋಣವೆಂದರೆ, ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ.