ಬಂಗು, ಬಲ್ಬು ಮತ್ತು ಗದ್ದದಕ್ಕ

ಬೆಳಗಿನ ಆರು ಗಂಟೆ. ಚರ್ಮದ ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿಯಿಲ್ಲದ ಪುಟ್ಟ ಕೋಣೆ. ಶಾಲೆಯ ಟೀಚರೊಬ್ಬರು ಮುಖ ತೊಳೆದು ಸುಮ್ಮನೆ ಕುಳಿತಿದ್ದಾರೆ. ತೊಳೆದ ಮುಖದ ಕೆಂಪು ಇಳಿಯಲು ಕಾಲು ಗಂಟೆ ಬೇಕು. ಆಮೇಲೆ ಕ್ಯಾಮೆರಾದ ಹಿಂದಿನಿಂದ ಅಪ್ಪಣೆ ಬರುತ್ತದೆ: "ಗದ್ದ ಎತ್ತಿ ಮೇಡಂ. ಇನ್ನೂ ಸ್ವಲ್ಪ. ನಗಬೇಡಿ, ನಕ್ರೆ ಕೆನ್ನೆ ಮೇಲಿನ ಕಲೆ ಜಾಗ ಬಿಟ್ಟು ಓಡುತ್ತೆ."

ಟೀಚರ್ ನಕ್ಕೇಬಿಡುತ್ತಾರೆ. ಮತ್ತೆ ಮೊದಲಿಂದ.

ದಿನಕ್ಕೆ ಅದೆಷ್ಟು ಸಲವೋ ಇದೇ ಮಾತು ಆಡುವ ಈ ಫೋಟೊ ತೆಗೆಯುವಾಕೆಗೆ ಆಸ್ಪತ್ರೆಯಲ್ಲಿ ಗದ್ದದಕ್ಕ ಎಂದೇ ಹೆಸರು. ಮುಖದ ಬಂಗಿಗೆ, ಅಂದರೆ ಕೆನ್ನೆ ಹಣೆಗಳ ಕಂದು ಕಲೆಗೆ, ಹಚ್ಚುವ ಹೊಸ ಜೆಲ್ಲೊಂದರ ಪರೀಕ್ಷೆ ಇಲ್ಲಿ ನಡೆಯುತ್ತಿದೆ. ಅದರಲ್ಲಿರುವ ಕಿಣ್ವ ಚರ್ಮದ ಕಪ್ಪನ್ನು ಮೆಲ್ಲಗೆ ಒಡೆಯುತ್ತದೆ ಎಂಬುದು ವೈದ್ಯರ ನಿರೀಕ್ಷೆ. ನಲವತ್ತೆರಡು ಮಂದಿ, ಹದಿನಾರು ವಾರ, ಎರಡು ವಾರಕ್ಕೊಮ್ಮೆ ತಲಾ ಮೂರು ಫೋಟೊ. ಜೆಲ್ ಇಟ್ಟ ಫ್ರಿಜ್ಜಿನ ತಂಪು ನೋಡಿ ಬರೆದಿಡುವುದೂ ಇವರದೇ ತಲೆನೋವು.

ಗದ್ದದಕ್ಕನ ಕೆನ್ನೆಯ ಮೇಲೂ ಬಂಗಿದೆ. ಎರಡನೇ ಹೆರಿಗೆಯ ನಂತರ ಬಂದದ್ದು, ಹನ್ನೊಂದು ವರ್ಷವಾದರೂ ಜಪ್ಪಯ್ಯ ಅಂದರೂ ಹೋಗಿಲ್ಲ. "ಫ್ರಿಜ್ ಕೀ ನಿನ್ನತ್ರಾನೇ ಇರುತ್ತಲ್ಲ, ಒಂಚೂರು ಹಚ್ಕೊಂಡ್ರೆ ಯಾರಪ್ಪನ ಗಂಟು ಹೋಗುತ್ತೆ ಅಂತಾರೆ ನಮ್ಮತ್ತೆ," ಎಂದು ನಗುತ್ತಾರೆ. ಇವರು ಹಚ್ಚಿಕೊಂಡಿಲ್ಲ. ಆದರೆ ಈ ಜೆಲ್ ಗೆಲ್ಲಲಿ ಎಂದು ಇವರಷ್ಟು ಆಸೆಪಟ್ಟವರು ಆ ಕಟ್ಟಡದಲ್ಲಿ ಇನ್ನೊಬ್ಬರಿಲ್ಲ.

ಎಂಟನೇ ವಾರದ ಫೋಟೊ ನೋಡಿ ಎಲ್ಲರೂ ಹಿರಿಹಿರಿ ಹಿಗ್ಗಿದ್ದರು. ಮೂವತ್ತಾರು ಮಂದಿಯ ಕಲೆ ತಿಳಿಯಾಗಿತ್ತು! ಹಿರಿಯ ವೈದ್ಯೆ ಖುಷಿಯಲ್ಲಿ ಎಲ್ಲರಿಗೂ ಟೀ ಹೇಳಿದರು. ಗದ್ದದಕ್ಕ ಮಾತ್ರ ಟೀ ಪಕ್ಕಕ್ಕಿಟ್ಟು ಫೋಟೊಗಳನ್ನು ಮತ್ತೊಮ್ಮೆ ನೋಡಿದರು. "ನಾನು ಕುತ್ತಿಗೆ ನೋಡ್ದೆ. ಎಲ್ಲರ ಕುತ್ತಿಗೇನೂ ಬೆಳ್ಳಗಾಗಿತ್ತು. ಕುತ್ತಿಗೆಗೆ ನಾವು ಜೆಲ್ಲೇ ಹಚ್ಚಲ್ವಲ್ಲ!"

ಕಾರಣ ತಲೆಯ ಮೇಲೇ ಇತ್ತು. ಕೆಟ್ಟ ಬಲ್ಬ್ ತೆಗೆದು ಎಲೆಕ್ಟ್ರಿಷಿಯನ್ ಹೊಸದು ಹಾಕಿದ್ದ, ಹೆಚ್ಚು ಬೆಳಕಿನದು. ಗಮನಿಸದೇ ಹೋದದ್ದು ತನ್ನದೇ ತಪ್ಪು ಎಂದು ಗದ್ದದಕ್ಕ ಒಪ್ಪುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇವರು ನೆಟ್ಟಗೆ ವೈದ್ಯೆಯ ಕೋಣೆಗೆ ಹೋದರು. ಹಳೆಯದರಂಥದ್ದೇ ಬಲ್ಬ್ ಹುಡುಕಿಸಿ, ನಲವತ್ತೆರಡು ಮಂದಿಗೂ ತಾವೇ ಫೋನ್ ಮಾಡಿ, ಬೈಸಿಕೊಂಡು, ಕಾಡಿ ಬೇಡಿ ಮತ್ತೆ ಕ್ಯಾಮೆರಾದ ಮುಂದೆ ಕೂರಿಸಿದರು. ಈ ಸಲ ಕಲೆ ತಿಳಿಯಾದವರು ಹತ್ತೊಂಬತ್ತೇ ಮಂದಿ.

"ಅವತ್ತು ನಂಗೆ ಸಿಟ್ಟೇ ಬಂದಿತ್ತು," ಎನ್ನುತ್ತಾರೆ ಹಿರಿಯ ವೈದ್ಯೆ. "ಈಗ ಯಾರೇ ಕೇಳ್ಲಿ, ಆ ಹತ್ತೊಂಬತ್ತನ್ನ ಎದೆ ತಟ್ಟಿ ಹೇಳ್ತೀನಿ."

ಪರೀಕ್ಷೆ ಮುಗಿಯಲು ಇನ್ನೂ ಆರು ವಾರವಿದೆ. ಟೀಚರ್ ಎದ್ದು ಹೋದ ಮೇಲೆ ಗದ್ದದಕ್ಕ ಸ್ಟೂಲ್ ಹತ್ತಿ ಬಲ್ಬಿನ ಧೂಳು ಒರೆಸುತ್ತಾರೆ. ಪಕ್ಕದಲ್ಲಿ ಅವರೇ ಅಂಟಿಸಿದ ಚೀಟಿ: "ನನ್ನನ್ನು ಕೇಳದೆ ಮುಟ್ಟೀರಿ ಜೋಕೆ!"

ಕೆಳಗಿಳಿದು ಕೆನ್ನೆ ಸವರಿಕೊಳ್ಳುತ್ತಾರೆ. "ನಂಗೂ ಇದು ಹೋಗ್ಬೇಕು, ಯಾಕೆ ಸುಳ್ಳು ಹೇಳ್ಲಿ. ಆದ್ರೆ ಫೋಟೊದಲ್ಲಿ ಹೋದ್ರೆ ಏನ್ ಬಂತು? ಮನೆ ಕನ್ನಡೀಲಿ ಹೋಗ್ಬೇಕು."