ಸೊಪ್ಪು ತಿನ್ನು ಎಂದವರಿಗೆ

ಉಂಡ ಮೇಲೆ ಹೊಟ್ಟೆಯ ಬಲಗಡೆ, ಕೆಳಗೆ, ಗಂಟು ಕಟ್ಟಿದ ಹಾಗಾಗುತ್ತಿತ್ತು. ಸ್ವಲ್ಪ ಹೊತ್ತು ಬಗ್ಗಿ ಕೂತರೆ ಗುಡುಗುಡು ಸದ್ದು ಮಾಡಿ ಸಡಿಲವಾಗುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡೆ. ನಮ್ಮ ಕಡೆ ಎದೆನೋವೂ ಗ್ಯಾಸ್ಟ್ರಿಕ್ಕೇ, ಬೆನ್ನುನೋವೂ ಗ್ಯಾಸ್ಟ್ರಿಕ್ಕೇ, ಮನುಷ್ಯ ಸಾಯುವವರೆಗೂ ಎಲ್ಲವೂ ಗ್ಯಾಸ್ಟ್ರಿಕ್ಕೇ. ಮೆಡಿಕಲ್ ಸ್ಟೋರಿನವನು ಕೊಟ್ಟ ಮಾತ್ರೆ ನುಂಗಿಕೊಂಡು ಒಂದು ಬೇಸಿಗೆ ಕಳೆದೆ. ಜ್ವರ ಬಂದು ಬಂದು ಹೋಯಿತು. ಸೊಂಟ ಸಣ್ಣಗಾಗಿ ಬೆಲ್ಟಿಗೆ ಹೊಸ ತೂತು ಹಾಕಿಸಿದೆ. ಕೊನೆಗೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಸ್ಕ್ಯಾನು, ಕೊಲೊನೋಸ್ಕೋಪಿ, ಬಯಾಪ್ಸಿ ಎಲ್ಲ ಆಗಿ, ದೊಡ್ಡ ಡಾಕ್ಟರು ಹೇಳಿದರು.

"ಕ್ರೋನ್ಸ್ ಡಿಸೀಸ್. ಕರುಳಿನ ಉರಿಯೂತ. ಸಣ್ಣ ಕರುಳು ಕೊನೆಯಲ್ಲಿ ಕಿರಿದಾಗಿದೆ. ಸ್ಟ್ರಿಕ್ಚರ್ ಅಂತೀವಿ."

ವಾಸಿಯಾಗುತ್ತಾ ಸಾರ್ ಅಂದೆ.

"ಹತೋಟಿಯಲ್ಲಿ ಇಡಬಹುದು. ನಾರಿರೋ ಪದಾರ್ಥ ಏನೂ ತಿನ್ನಬೇಡಿ. ಅಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ. ಅಷ್ಟು ಕರುಳು ಕತ್ತರಿಸಿ ತೆಗೀಬೇಕಾಗುತ್ತೆ."

ಕರುಳು ಕತ್ತರಿಸುವುದು. ಬಸ್ಸಿನಲ್ಲಿ ವಾಪಸು ಬರುವಾಗ ಕಿವಿಯಲ್ಲಿ ಅದೊಂದೇ ಮಾತು.

ನಾನು ಭೀಮನಬೀಡಿನವನು, ಗುಂಡ್ಲುಪೇಟೆಯ ಒಂದು ತರಕಾರಿ ಮಂಡಿಯಲ್ಲಿ ರೈಟರು. ಬೆಳಗಾದರೆ ಕಣ್ಣೆದುರು ಬೀನ್ಸು, ಎಲೆಕೋಸು, ಬೀಟ್‌ರೂಟು, ದಂಟಿನ ಸೊಪ್ಪು. ಮಧ್ಯಾಹ್ನದ ಹೊತ್ತಿಗೆ ಅದೆಲ್ಲ ಮೂಟೆಯಾಗಿ ಕೇರಳದ ಲಾರಿ ಹತ್ತಬೇಕು, ರಾತ್ರಿ ಕಾಡಿನ ಗೇಟು ಹಾಕುವ ಮೊದಲು ಲಾರಿ ಬಂಡೀಪುರ ದಾಟಬೇಕು. ಆ ಗಡಿಬಿಡಿಯಲ್ಲಿ ಹೊಟ್ಟೆ ಕರೆದರೂ ಹೋಗುವ ಹಾಗಿಲ್ಲ, ಅದುಮಿಕೊಂಡು ಲೆಕ್ಕ ಬರೆಯಬೇಕು. ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಈಗ ಆ ಸೊಪ್ಪಿನ ರಾಶಿಯ ನಡುವೆ ಕೂತವನಿಗೆ ಸೊಪ್ಪು ಬೇಡ, ಕಾಳು ಬೇಡ, ಸಿಪ್ಪೆ ಬೇಡ, ಬೀಜ ಬೇಡ. ಹಿಟ್ಟೂ ಬೇಡ. ಹಿಟ್ಟು ಅಂದರೆ ನಮ್ಮಲ್ಲಿ ರಾಗಿಮುದ್ದೆ. ಅದಿಲ್ಲದ ಊಟವನ್ನು ನಮ್ಮ ಮನೆಯಲ್ಲಿ ಊಟ ಅಂತ ಯಾರೂ ಕರೆಯುವುದಿಲ್ಲ. ಬಿಳಿ ಅನ್ನ, ಮೊಸರು, ಸಿಪ್ಪೆ ಹೆರೆದು ಮೆತ್ತಗೆ ಬೇಯಿಸಿದ ಸೋರೆಕಾಯಿ, ಮೊಟ್ಟೆ. ಹೇಳಿದಂತೆ ಕೇಳಿದೆ, ಬರೆದುಕೊಟ್ಟ ಮಾತ್ರೆಯನ್ನೆಲ್ಲ ನುಂಗಿದೆ, ನೋವು ಇಳಿಯಿತು.

ಕಕ್ಕಸ್ಸಿಗೆ ಹೋಗುವುದೂ ನಿಂತಿತು.

ಇದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ. ಹಾರ್ಟ್ ಆಪರೇಷನ್ ಆದವನು ಅಂಗಿ ಬಿಚ್ಚಿ ಗಾಯ ತೋರಿಸಿದರೆ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ನಾನು ನನ್ನ ಕಾಯಿಲೆ ಹೇಳಿದರೆ ಬಾಯಿಗೆ ಟವೆಲ್ಲು ಹಿಡಿದು ನಗುತ್ತಾರೆ. ಹೊಟ್ಟೆ ಕಲ್ಲಾಗಿ, ತಲೆ ಸಿಡಿದು, ಬಾಯಿ ಕಹಿಯಾಗಿ, ಕೂತರೆ ಕೂರಲಾಗದೆ ನಿಂತರೆ ನಿಲ್ಲಲಾಗದೆ ಒದ್ದಾಡುವವನ ಮುಂದೆ ನಗುವುದಕ್ಕೆ ಇವರಿಗೆ ಹೇಗೆ ಮನಸ್ಸು ಬರುತ್ತದೋ!

ಮಂಡಿಯಲ್ಲಿ ಮೂಟೆ ತೂಗುವ ಮಾದೇಶ ನನ್ನ ಜೊತೆಗಾರ. ಒಳ್ಳೆಯವನೇ, ಬಾಯಿಗೆ ಮಾತ್ರ ಅಳತೆಯಿಲ್ಲ.

"ಯಾನ್ಲಾ ಸಿದ್ರಾಜ, ಕೇರಳಕ್ಕೆಲ್ಲ ಸೊಪ್ಪು ಕಳಿಸ್ತೀಯ, ನಿಂದೇ ಗೇಟು ಬಂದಾಗೋಯ್ತಾ? ಒಂದು ಕಂತೆ ದಂಟು ಬೇಸ್ಕಂಡು ತಿನ್ನು ಕಣ್ಲಾ, ಎಲ್ಲಾ ಸಲೀಸಾಗಿ ಓಯ್ತದೆ."

"ನಾನು ಸೊಪ್ಪು ತಿನ್ನಂಗಿಲ್ಲ ಕಣ್ಲಾ."

"ಸೊಪ್ಪು ತಿಂದು ಸತ್ತೋರುಂಟಾ? ಬುಡು ಬುಡು."

ಅವನೊಬ್ಬನೇ ಆದರೆ ಸಹಿಸಬಹುದಿತ್ತು. ಒಬ್ಬರು ಪಪ್ಪಾಯ ಅಂದರು, ಒಬ್ಬರು ಇಸಬ್‌ಗೋಲು ಅಂದರು, ಇನ್ನೊಬ್ಬರು ಪಚ್ಚಬಾಳೆ ಅಂದರು. ಕೇಳದೆ ಬರುವುದು ಬುದ್ಧಿಮಾತೊಂದೇ. ಊರವರಿಗೆ ತಿಳಿಯದು, ಸರಿ. ತಿಳಿದವರ ಹತ್ತಿರವೇ ಹೋಗೋಣ ಅಂತ ಮತ್ತೆ ಆಸ್ಪತ್ರೆಗೆ ಹೋದೆ. ದೊಡ್ಡ ಡಾಕ್ಟರು ರಜೆಯಲ್ಲಿದ್ದರು. ಪಕ್ಕದ ರೂಮಿನ ಡ್ಯೂಟಿ ಡಾಕ್ಟರು ತಲೆ ಎತ್ತದೆ ಹೇಳಿದರು.

"ಕಾನ್‌ಸ್ಟಿಪೇಷನ್ನಾ? ಫೈಬರ್ ಜಾಸ್ತಿ ತಗೊಳ್ಳಿ. ಸೊಪ್ಪು, ರಾಗಿ, ಕಾಳು."

"ಸಾರ್, ನನಗೆ ಕರುಳಲ್ಲಿ ಸ್ಟ್ರಿಕ್ಚರ್..."

"ನೆಕ್ಸ್ಟ್!"

ಒಂದು ರೂಮಿನಲ್ಲಿ ತಿಂದರೆ ಕತ್ತರಿಸುತ್ತೇವೆ ಅನ್ನುತ್ತಾರೆ. ಪಕ್ಕದ ರೂಮಿನಲ್ಲಿ ಅದನ್ನೇ ತಿನ್ನು ಅನ್ನುತ್ತಾರೆ. ನಡುವೆ ಇರುವುದು ಒಂದು ಗೋಡೆ. ನನಗಿರುವುದು ಒಂದೇ ಕರುಳು. ಯಾರ ಮಾತು ಕೇಳಲಿ?

ಮನೆಯಲ್ಲಿ ಅವ್ವನದು ಬೇರೆ ಕಾವಲು. ನಮ್ಮ ಕಕ್ಕಸ್ಸು ಹಿತ್ತಲಲ್ಲಿದೆ. ನಾನು ಅಲ್ಲಿಂದ ಹೊರಗೆ ಬರುವುದನ್ನೇ ನುಗ್ಗೆಮರದ ಕೆಳಗೆ ಕೂತು ಕಾಯುತ್ತಿದ್ದಳು. ಬಾಗಿಲು ತೆಗೆಯುತ್ತಿದ್ದ ಹಾಗೇ ಕೂಗುತ್ತಿದ್ದಳು.

"ಆಯ್ತಾ ಮಗ?"

ಗೋಡೆಯಾಚೆ ಪಕ್ಕದ ಮನೆಯವರಿಗೂ ಕೇಳಬೇಕು ಅದು. ನಲವತ್ತು ದಾಟಿದ ಗಂಡಸು ನಾನು. ಸಿಡಿಮಿಡಿಗೊಂಡು, "ಅವ್ವ, ಊರಿಗೆಲ್ಲ ಡಂಗುರ ಹೊಡೀಬೇಡ" ಅಂತ ರೇಗುತ್ತಿದ್ದೆ. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ. ಅವಳ ಮುಖ ಮಾತ್ರ ದಿನದಿಂದ ದಿನಕ್ಕೆ ಬಾಡುತ್ತಿತ್ತು.

ಒಂದು ಬೆಳಿಗ್ಗೆ ಬಿಸಿ ಕಾಫಿಯ ಲೋಟ ತಂದು ಮುಂದೆ ಹಿಡಿದಳು. ಮೇಲೆ ಎಣ್ಣೆ ತೇಲುತ್ತಿತ್ತು. ಹರಳೆಣ್ಣೆ. ಹೊಲದ ಬದುವಿನಲ್ಲಿ ಬೆಳೆದ ಹರಳನ್ನು ಹುರಿದು, ಕುಟ್ಟಿ, ಕಾಯಿಸಿ ಅವಳೇ ತೆಗೆದದ್ದು. ನಾವು ಚಿಕ್ಕವರಿದ್ದಾಗ ಶಾಲೆಗೆ ರಜೆ ಇದ್ದ ದಿನ ಮೂಗು ಹಿಡಿದು ಇದನ್ನೇ ಕುಡಿಸುತ್ತಿದ್ದಳು. ಹೊಟ್ಟೆ ತೊಳೆದು ಹೋಗುತ್ತಿತ್ತು, ಮಧ್ಯಾಹ್ನ ತಿಳಿಸಾರು ಅನ್ನ ಹಾಕುತ್ತಿದ್ದಳು.

"ಡಾಕ್ಟ್ರು ನಾರು ಬ್ಯಾಡ ಅಂದವ್ರೆ. ಎಣ್ಣೇಲಿ ನಾರು ಎಲ್ಲದ ಮಗ? ಕುಡ್ದುಬುಡು."

ನನ್ನ ಹೆಂಡತಿ ಜಯ, "ಅತ್ತೆ, ಒಂದ್ ಮಾತು ಆಸ್ಪತ್ರೇಲಿ ಕೇಳನ" ಅಂದಳು. ಯಾರನ್ನು ಕೇಳುವುದು? ಕೇಳಿದ್ದಕ್ಕೆ ಸಿಕ್ಕ ಉತ್ತರ ನೋಡಿಯಾಗಿತ್ತು. ಅವ್ವನ ಮಾತು ನನಗೂ ಸರಿ ಅನ್ನಿಸಿತು. ಗಟಗಟ ಕುಡಿದೆ.

ಮಧ್ಯಾಹ್ನ ಲಾರಿಗೆ ಕೋಸು ಏರಿಸುತ್ತಿದ್ದರು. ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು. ಎಣ್ಣೆ ಕೆಳಗೆ ತಳ್ಳುತ್ತಿದೆ, ಕಿರಿದಾದ ಕರುಳು ದಾರಿ ಬಿಡುತ್ತಿಲ್ಲ. ಹೊಟ್ಟೆ ಉಬ್ಬಿತು. ಹಸಿರು ಹಸಿರಾಗಿ ವಾಂತಿಯಾಯಿತು. ಕೋಸಿನ ಮೂಟೆಯ ಮೇಲೆ ಬಿದ್ದವನನ್ನು ಮಾದೇಶನೇ ಎತ್ತಿಕೊಂಡು ಕಾರಿಗೆ ಹಾಕಿದ. ದಾರಿಯಲ್ಲೇ ಮನೆಗೆ ಫೋನು ಮಾಡಿ ಅವ್ವನನ್ನೂ ಜಯಳನ್ನೂ ಚಾಮರಾಜನಗರದ ಆಸ್ಪತ್ರೆಗೆ ಕರೆಸಿದ.

ಅಬ್‌ಸ್ಟ್ರಕ್ಷನ್, ಕರುಳು ಕಟ್ಟಿಕೊಂಡಿದೆ ಅಂದರು. ಮೂಗಿನಿಂದ ಹೊಟ್ಟೆಗೆ ಟ್ಯೂಬ್, ಕೈಗೆ ಡ್ರಿಪ್, ಬಾಯಿಗೆ ತೊಟ್ಟು ನೀರೂ ಇಲ್ಲ. ಸರ್ಜನ್ ಬಂದು ಹೊಟ್ಟೆ ಒತ್ತಿ ನೋಡಿ, "ನಾಳೆವರೆಗೆ ಕಾಯೋಣ. ಬಿಡದಿದ್ದರೆ ಓಪನ್ ಮಾಡಬೇಕು" ಅಂದರು. ಅದೇ ಡ್ಯೂಟಿ ಡಾಕ್ಟರು ಬಂದು, ಏನು ಕುಡಿಸಿದಿರಿ ಅಂತ ಕೇಳಿ ತಿಳಿದುಕೊಂಡು, ಅವ್ವನ ಮೇಲೆ ಎಗರಾಡಿದರು.

"ಯಾರಮ್ಮ ನಿಮಗೆ ಇದನ್ನ ಕೊಡಿ ಅಂತ ಹೇಳಿದ್ದು? ಸ್ವಲ್ಪಾನೂ ಬುದ್ಧಿ ಬೇಡವಾ?"

ಅವ್ವ ಮಂಚದ ಕಾಲು ಹಿಡಿದು ಕುಸಿದು ಕೂತಳು. "ನಾನೇ ನನ್ ಮಗನ್ನ ಕೊಂದ್ಬುಟ್ನಲ್ಲಪ್ಪಾ" ಅಂದಳು.

ಗಂಟಲಲ್ಲಿ ಟ್ಯೂಬ್ ಇತ್ತು, ಮಾತು ಹೊರಡಲಿಲ್ಲ. ಹೊರಟಿದ್ದರೆ ಹೇಳುತ್ತಿದ್ದೆ: ಯಾರೂ ಹೇಳಲಿಲ್ಲ ಸ್ವಾಮಿ, ಅದೇ ತಪ್ಪು. ಸೊಪ್ಪು ತಿನ್ನು ಅಂದವರು ನೀವು. ಅದನ್ನು ಕೇಳಿ ತಿಂದಿದ್ದರೂ ನಾನು ಇದೇ ಮಂಚದ ಮೇಲೆ ಬೀಳುತ್ತಿದ್ದೆ, ಆಗ ಯಾರನ್ನು ಬೈಯುತ್ತಿದ್ದಿರಿ? ಬೇಡವಾದದ್ದೆಲ್ಲ ಹೇಳಿದಿರಿ, ಮಲ ಕಟ್ಟಿದರೆ ಏನು ಮಾಡಬೇಕು ಅನ್ನುವುದನ್ನು ಒಬ್ಬರೂ ಹೇಳಲಿಲ್ಲ. ಆ ಮುದುಕಿ ತನಗೆ ಗೊತ್ತಿದ್ದದ್ದನ್ನು ಮಾಡಿದಳು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಹೂಸು ಬಂತು.

ನಗಬೇಡಿ. ನರ್ಸ್ ಓಡಿಹೋಗಿ ಡಾಕ್ಟರಿಗೆ ಹೇಳಿದಳು. ಸರ್ಜನ್ ಮುಖ ಅರಳಿತು, ಜಯ ಕೈ ಮುಗಿದಳು. ಕರುಳು ದಾರಿ ಬಿಟ್ಟಿತ್ತು. ಆಪರೇಷನ್ ತಪ್ಪಿತು.

ರಜೆ ಮುಗಿಸಿ ಬಂದ ದೊಡ್ಡ ಡಾಕ್ಟರು ಈ ಸಲ ಸ್ಟೂಲು ಎಳೆದುಕೊಂಡು ಕೂತರು. ರಕ್ತ ಕಮ್ಮಿ ಅಂತ ಕೊಟ್ಟಿದ್ದ ಐರನ್ ಮಾತ್ರೆಯಿಂದಲೂ ಮಲ ಗಟ್ಟಿಯಾಗುತ್ತದಂತೆ. ಅದನ್ನು ನಿಲ್ಲಿಸಿ ಇಂಜೆಕ್ಷನ್ ಮಾಡಿದರು. ಮಲ ಮೆತ್ತಗಾಗಲು ನೀರಿನಲ್ಲಿ ಕದಡಿ ಕುಡಿಯುವ ಒಂದು ಪುಡಿ ಬರೆದರು. ನೀರು ಹೆಚ್ಚು ಕುಡಿಯಿರಿ, ನಡೆಯಿರಿ, ಬಂದಾಗ ತಡೆಯಬೇಡಿ, ಹೊಟ್ಟೆ ಉಬ್ಬಿದರೆ ಯಾವ ಭೇದಿ ಔಷಧಿಯನ್ನೂ ಮುಟ್ಟದೆ ಇಲ್ಲಿಗೆ ಬನ್ನಿ ಅಂದರು. ಇಷ್ಟೇ. ಇಷ್ಟನ್ನು ಹೇಳಲು ನನ್ನ ಮೂಗಿಗೆ ಟ್ಯೂಬ್ ಹಾಕಬೇಕಿತ್ತೇ?

ಆಮೇಲೆ ಡಯಟಿಷಿಯನ್ ಬಂದಳು. ಹರದನಹಳ್ಳಿಯ ಹುಡುಗಿ. ಮೂಲೆಯಲ್ಲಿ ಮುದುಡಿ ಕೂತಿದ್ದ ಅವ್ವನ ಪಕ್ಕ ಕೂತು, "ಮನೇಲಿ ಯಾವ ಸಾರು ಮಾಡ್ತೀರವ್ವ?" ಅಂತ ಕೇಳಿದಳು. ಅಷ್ಟು ದಿನದಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

"ಬಸ್ಸಾರು ಕಣವ್ವ. ಸೊಪ್ಪೂ ಕಾಳೂ ಬೇಸಿ ಬಸ್ದು, ಆ ನೀರ್ಗೆ ಸಾರು. ಸೊಪ್ಪು ಕಾಳು ಪಲ್ಯಕ್ಕೆ."

"ಹಂಗಾದ್ರೆ ಆ ಬಸಿದ ನೀರಿನ ಸಾರು ಇವರಿಗೆ ಕೊಡಬಹುದು. ಪಲ್ಯ ಬೇಡ. ಖಾರ ಕಮ್ಮಿ ಇರಲಿ. ರುಬ್ಬುವಾಗ ಕಾಯಿ, ಬೆಂದ ಸೊಪ್ಪು ಹಾಕಬೇಡಿ. ಬಟ್ಟೆಯಲ್ಲಿ ಶೋಧಿಸಿ."

ಅವ್ವ ತಲೆಯಾಡಿಸಿದಳು ಅಷ್ಟೇ. ಮನೆಗೆ ಬಂದರೂ ಒಲೆಯ ಹತ್ತಿರ ಸುಳಿಯಲಿಲ್ಲ. "ನನ್ ಕೈ ಬ್ಯಾಡ ಕಣಮ್ಮಿ, ನೀನೇ ಮಾಡು" ಅಂತ ಜಯಳಿಗೆ ಹೇಳಿ ಹೊರಗೆ ಕೂತಳು. ನಾನು ಹಿತ್ತಲಿಗೆ ಹೋಗಿ ಬಂದರೆ ಆಯ್ತಾ ಅಂತಲೂ ಕೇಳುವುದನ್ನು ಬಿಟ್ಟಳು. ಬೇಡ ಬೇಡ ಅಂತ ರೇಗುತ್ತಿದ್ದವನಿಗೆ ಆ ಮೌನ ತಡೆಯಲಾಗಲಿಲ್ಲ.

"ಅವ್ವ, ನಿನ್ ಕೈ ಬಸ್ಸಾರಿಲ್ದೆ ನಾನು ಉಣ್ಣಲ್ಲ" ಅಂತ ತಟ್ಟೆ ತಳ್ಳಿ ಕೂತೆ. ಜಯ ಸೌಟು ತಂದು ಅವಳ ಕೈಗೇ ಕೊಟ್ಟಳು. ಅವ್ವ ಎದ್ದಳು. ಬಿಳಿ ಪಂಚೆಯ ತುಂಡಿನಲ್ಲಿ ಒಂದು ಸಲ ಶೋಧಿಸಿದಳು, ಬೆಳಕಿಗೆ ಹಿಡಿದು ನೋಡಿ ಮತ್ತೆ ಶೋಧಿಸಿದಳು. ಮನೆಯವರಿಗೆಲ್ಲ ಹಿಟ್ಟು, ಪಲ್ಯ. ನನಗೆ ಅನ್ನ, ತಿಳಿಯಾದ ಸಾರು. ಸೊಪ್ಪಿನ ಚೂರೂ ಇಲ್ಲ, ರುಚಿ ಮಾತ್ರ ಪೂರ್ತಿ ಇತ್ತು. ಉಣ್ಣುತ್ತಾ ಕಣ್ಣಲ್ಲಿ ನೀರು ಬಂತು. ಖಾರ ಅಂದೆ. ಖಾರ ಹಾಕೇ ಇಲ್ವಲ್ಲ ಅಂದಳು ಜಯ.

ಕಿರಿದಾದ ಕರುಳು ಹಾಗೇ ಇದೆ. ಮುಂದೆ ಎಂದಾದರೂ ಕತ್ತರಿ ಬೀಳಬಹುದು, ಬೀಳದೆಯೂ ಇರಬಹುದು. ಪುಡಿ ಕುಡಿಯುತ್ತೇನೆ, ಬೆಳಿಗ್ಗೆ ಊರ ದಾರಿಯಲ್ಲಿ ನಡೆಯುತ್ತೇನೆ. ಮಂಡಿಯಲ್ಲಿ ಹೊಟ್ಟೆ ಕರೆದರೆ ಲಾರಿ ನಿಲ್ಲಲಿ ಅಂತ ಎದ್ದು ಹೋಗುತ್ತೇನೆ. ಮಾದೇಶ ಲೆಕ್ಕದ ಪೆನ್ನು ಹಿಡಿದುಕೊಂಡು ಕಾಯುತ್ತಾನೆ, ನಗುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಸಲೀಸಾಗಿ ಆದ ಬೆಳಿಗ್ಗೆ ಕಕ್ಕಸ್ಸಿನ ಬಾಗಿಲು ತೆಗೆದೆ. ಅವ್ವ ನುಗ್ಗೆಮರದ ಕೆಳಗೆ ಬೇಕೆಂದೇ ಬೇರೆ ಕಡೆ ಮುಖ ಮಾಡಿಕೊಂಡು, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.

"ಅವ್ವಾ! ಆಯ್ತು ಕಣವ್ವಾ!"

ಗೋಡೆಯಾಚೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವ್ವ ಪೊರಕೆ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೆಲ್ಲಗ್ ಯೋಳ್ಲಾ, ಜನ ಕೇಳುಸ್ಕತಾರೆ."

ಕೇಳಿಸಿಕೊಳ್ಳಲಿ ಅಂತಲೇ ಕೂಗಿದ್ದೆ.