ಬಾಯಿಪಾಠದ ನಂಬರು

ಮನೆಯ ಕೆಳಗಿನ ಅಂಗಡಿಯ ಶಟರು ಧಡಾರೆಂದು ಏಳುವ ಸದ್ದಿಗೆ ಎಚ್ಚರಗೊಳ್ಳುವ ಸಮಾಲೋಚಕಿ ಅಕ್ಕ, ಮೊದಲು ಕಿಟಕಿಯಿಂದ ತಾನು ಕೆಲಸ ಮಾಡುವ ಎದುರಿನ ಕುಡಿತ ಬಿಡಿಸುವ ಕೇಂದ್ರದ ಗೇಟು ನೋಡುತ್ತಾಳೆ, ಯಾರಾದರೂ ಓಡಿಹೋದರೇನೋ ಎಂದು. ಅಲ್ಲಿ ರೋಗಿಯ ಕುರ್ಚಿಯಿಂದ ಮಾರುದೂರದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ, ನೋಡಲು ಬಂದ ಹೆಂಡತಿಯೋ ಅಣ್ಣನೋ ಅದನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೋ ಇಲ್ಲವೋ ಎಂದು ಉಗುರು ಕಚ್ಚುತ್ತಾ ಕಾಯುತ್ತಾಳೆ. ಎಳೆದುಕೊಳ್ಳದಿದ್ದರೆ ಅಂದು ಅವಳ ಊಟ ಡಬ್ಬಿಯಲ್ಲೇ ಉಳಿಯುತ್ತದೆ. “ಚಿಕ್ಕವರಿದ್ದಾಗ ಹೆದರಿಕೆ ಆದ್ರೆ ಯಾರ ಹತ್ರ ಓಡ್ತಿದ್ರಿ?” ಎಂಬುದು ರೋಗಿಗಳಿಗೆ ಅವಳ ಮಾಮೂಲಿ ಪ್ರಶ್ನೆ. “ಈಗ ನಿಮ್ಮನ್ನ ಕಂಡ್ರೇನೇ ಓಡೋ ಹಾಗಾಗಿದೆ ಅಕ್ಕ” ಎಂದು ಅವರು ಕಿಚಾಯಿಸಿದರೆ ನಗುತ್ತಾಳೆ. ಮನೆಗೆ ಹೊರಟವರಿಗೆ ಅವಳದೊಂದು ಪರೀಕ್ಷೆಯಿದೆ: ಕುಡಿಯಬೇಕೆನಿಸಿದಾಗ ಯಾರಿಗೆ ಫೋನ್ ಮಾಡುತ್ತಾರೋ ಅವರ ನಂಬರನ್ನು ನೋಡದೆ ಹೇಳಬೇಕು. ಇವತ್ತು ಮನೆಗೆ ಹೊರಟಿದ್ದ, ಬಣ್ಣ ಬಳಿಯುವ ಕೆಲಸದವನೊಬ್ಬ ತಡವರಿಸದೆ ಹೇಳಿದ. ಅದು ಅವಳದೇ ನಂಬರು. ಪಾಸಾದೆನೆಂದು ಅವನು ಹಿಗ್ಗಿದರೆ ಅವಳ ಮುಖ ಬಿಳಿಚಿತು. “ನಿಮ್ಮ ತಂಗಿ ನಂಬರ್ ಬಾಯಿಗೆ ಬರಲ್ವಾ?” “ಅವಳು ಎತ್ತಲ್ಲ ಅಕ್ಕ. ನೀವಾದ್ರೆ ಮೊದಲ್ನೇ ರಿಂಗಿಗೇ ಎತ್ತುತ್ತೀರ.” ಅಕ್ಕ ಎದ್ದಳು. “ಇವತ್ತು ಕಳಿಸಲ್ಲ ನಿಮ್ಮನ್ನ. ಕರ್ಕೊಂಡು ಹೋಗೋಕೆ ಬಂದು ತಂಗಿ ಹೊರಗೆ ಕೂತಿದಾಳಲ್ಲ, ಮೊದಲು ಅವಳ ಹತ್ರ ಮಾತಾಡ್ತೀನಿ. ನಾನು ಎತ್ತದೇ ಇರೋ ದಿನ ಒಂದು ಬಂದ್ರೆ ನೀವು…” ಎನ್ನುತ್ತಲೇ ಬಾಗಿಲು ದಾಟಿ ನಡೆದುಬಿಟ್ಟಳು.